ಬಾಗಿಲು ಹೊರುವ ಊರು

ಆ ಊರಿನಲ್ಲಿ ಹೊಸ ಪುಸ್ತಕ ತರುವವರು ಮೊದಲು ತಮ್ಮ ಮನೆಯ ಮುಂಬಾಗಿಲನ್ನು ಕಳಚಬೇಕು. ಕಳಚಿದ ಬಾಗಿಲನ್ನು ಊರ ನಡುವಿನ ಚೌಕಕ್ಕೆ ತಂದು, ಎರಡು ಕಲ್ಲುಗಳ ಮೇಲೆ ಹಾಸಿ, ಅದರ ಮೇಲೆ ಪುಸ್ತಕವನ್ನು ಇಡಬೇಕು. ಪುಸ್ತಕಕ್ಕೆ ಒಂದು ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಬಾಗಿಲಿನ ಚಿಲಕಕ್ಕೆ ಬಿಗಿಯಬೇಕು. ಅಲ್ಲಿಗೆ ಬರೆದವರ ಕೆಲಸ ಮುಗಿಯಿತು. ಅವರು ಬಾಗಿಲಿಲ್ಲದ ಮನೆಗೆ ಹಿಂದಿರುಗಿ ಕಾಯಬೇಕು.

ಓದುವವರ ಕೆಲಸ ಆಮೇಲಿನದು. ಯಾರು ಬೇಕಾದರೂ ಬರಬಹುದು. ಬಾಗಿಲಿನ ಪಕ್ಕದಲ್ಲಿ ಕೂತು ಓದಬಹುದು, ಮೆಚ್ಚಬಹುದು, ಬಯ್ಯಬಹುದು, ಎದ್ದು ಹೋಗಬಹುದು. ಯಾವುದಕ್ಕೂ ಅಡ್ಡಿಯಿಲ್ಲ. ಆದರೆ ಕೊನೆಯ ಪುಟವನ್ನು ಓದಿದವರು ಆ ಬಾಗಿಲನ್ನು ಹೊತ್ತು ಬರೆದವರ ಮನೆಗೆ ತಲುಪಿಸಬೇಕು. ದಾರಿಯಲ್ಲಿ ಇನ್ನೊಬ್ಬರ ಕೈ ಅದಕ್ಕೆ ತಾಗಬಾರದು. ಬಾಗಿಲು ಮನೆ ಸೇರಿದ ದಿನ ಅದು ಪುಸ್ತಕ. ಅಲ್ಲಿಯವರೆಗೆ ಅದು ಬರೆದ ಕಾಗದ.

ಈ ಕಟ್ಟಳೆಯನ್ನು ಯಾರು ಮಾಡಿದರೆಂದು ಊರಿನವರನ್ನು ಕೇಳಿದರೆ, ಹೊಳೆಯನ್ನು ಯಾರು ಮಾಡಿದರೆಂದು ಕೇಳಿದ ಹಾಗೆ ನೋಡುತ್ತಾರೆ.

ಬಾಗಿಲು ಹಗುರವಾದ ವಸ್ತುವಲ್ಲ. ಹಾಗಾಗಿ ಕಟ್ಟಳೆಯ ಪಕ್ಕದಲ್ಲೇ ಒಂದು ಮರ್ಯಾದೆಯೂ ಬೆಳೆಯಿತು. ಮರ್ಯಾದಸ್ಥರು ಕೊನೆಯ ಪುಟವನ್ನು ಓದುತ್ತಿರಲಿಲ್ಲ. ಅದಕ್ಕೆ ಮುಂಚಿನ ಪುಟದಲ್ಲಿ ನಿಲ್ಲಿಸಿ, ಪುಸ್ತಕವನ್ನು ಮುಚ್ಚಿ, ಕಣ್ಣಿಗೊತ್ತಿಕೊಂಡು ಎದ್ದುಬಿಡುತ್ತಿದ್ದರು. ಬೀಗರ ಮನೆಯಲ್ಲಿ ಪಾಯಸದ ಬಟ್ಟಲನ್ನು ಬೆರಳಿನಿಂದ ಬಳಿಯಬಾರದೆಂದು ಹೇಳಿಕೊಡುವ ತಾಯಂದಿರೇ ಪುಸ್ತಕದ ಕೊನೆಯ ಪುಟವನ್ನು ತಿರುವಬಾರದೆಂದೂ ಹೇಳಿಕೊಡುತ್ತಿದ್ದರು. ಭಾರದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಅದು ಸಭ್ಯತೆಯ ಮಾತಾಗಿತ್ತು. ಎಲ್ಲೋ ಒಮ್ಮೆ, ಊರಿನ ಪದ್ಧತಿ ತಿಳಿಯದ ದಾರಿಹೋಕನೋ, ಕಥೆಯ ಹಸಿವು ತಡೆಯಲಾರದ ಹೊಸ ಸೊಸೆಯೋ ಕೊನೆಯವರೆಗೆ ಓದಿ ಬಾಗಿಲು ಹೊತ್ತು ಏದುಸಿರು ಬಿಡುತ್ತಾ ಹೋಗುತ್ತಿದ್ದರು. ಆ ಊರಿನಲ್ಲಿ ಪುಸ್ತಕ ಎನ್ನಿಸಿಕೊಂಡವು ಆ ಕೆಲವೇ ಕೆಲವು.

ಉಳಿದ ಬಾಗಿಲುಗಳು ಚೌಕದಲ್ಲೇ ಮಲಗಿರುತ್ತಿದ್ದವು. ಮೊದಲ ಮಳೆ ಬೀಳುವವರೆಗೆ ಅವಕ್ಕೆ ಆಸೆ ಇತ್ತು. ಮಳೆ ಬಿದ್ದರೆ ಮರ ಉಬ್ಬುತ್ತದೆ. ಉಬ್ಬಿದ ಬಾಗಿಲು ತನ್ನ ಹಳೆಯ ಚೌಕಟ್ಟಿನಲ್ಲಿ ಕೂರುವುದಿಲ್ಲ. ಚೌಕದ ಕಾವಲುಗಾರ ಪುಸ್ತಕವನ್ನು ದಾರದಿಂದ ಬಿಡಿಸಿ ಒಂದು ಮಡಕೆಯೊಳಗೆ ಹಾಕಿ, ಮಡಕೆಯನ್ನು ಅದೇ ಬಾಗಿಲಿನ ಕೆಳಗೆ ಇಟ್ಟುಬಿಡುತ್ತಿದ್ದ. ಕೇಳಿದವರಿಗೆ ತೆಗೆದು ಕೊಡುತ್ತಿದ್ದ. ಕೇಳುವವರು ಇರಲಿಲ್ಲ. ಬಾಗಿಲಿನ ಮೇಲೆ ಜನ ಕೂತು ಹರಟುತ್ತಿದ್ದರು, ಸಂಡಿಗೆ ಒಣಗಿಸುತ್ತಿದ್ದರು, ಕೆಳಗೆ ಮೇಕೆಗಳು ಮಲಗುತ್ತಿದ್ದವು.

ಈ ಊರಿನಲ್ಲಿ ಒಬ್ಬ ಕಥೆಗಾರ್ತಿ ಇದ್ದಳು. ಮೊದಮೊದಲು ಅವಳು ಒಂದು ಸಾಲನ್ನೂ ಬರೆದಿರಲಿಲ್ಲ. ಆದರೂ ಮುಂದೆ ಬರೆಯುವವಳಾದ್ದರಿಂದ ಈಗಲೇ ಹಾಗೆ ಕರೆದರೆ ತಪ್ಪಿಲ್ಲ.

ಅವಳಷ್ಟು ಓದಿದವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಚೌಕಕ್ಕೆ ಹೊಸ ಬಾಗಿಲು ಬಂದರೆ ಮರುದಿನ ಬೆಳಿಗ್ಗೆ ಅವಳು ಅಲ್ಲಿರುತ್ತಿದ್ದಳು. ಇಸ್ತ್ರಿ ಮಾಡಿದ ಸೀರೆ, ತೊಳೆದ ಕೈ, ನೆಟ್ಟಗಿನ ಬೆನ್ನು. ಕೂತು ಓದಿದರೆ ಪುಸ್ತಕದ ತಪ್ಪುಗಳು ತೂಕಡಿಕೆಯಲ್ಲಿ ಜಾರಿಹೋಗುತ್ತವೆ ಎಂದು ಅವಳು ನಿಂತೇ ಓದುತ್ತಿದ್ದಳು. ಕೊನೆಗೊಂದು ಪುಟ ಉಳಿದಾಗ ಮುಚ್ಚಿ, ಸುತ್ತ ಕಾಯುತ್ತಿದ್ದವರ ಕಡೆ ತಿರುಗುತ್ತಿದ್ದಳು.

"ಹೇಗಿದೆ ಅಕ್ಕಾ?"

"ಮೊದಲು ಬಿಗಿ, ನಡುವೆ ಸಡಿಲ."

"ಕೊನೆ?"

"ಓದುವ ಅಗತ್ಯವೇನಿದೆ? ಇಷ್ಟು ಓದಿದ ಮೇಲೆ ಕೊನೆ ತಾನಾಗಿ ಗೊತ್ತಾಗುತ್ತದೆ." ಎಂದು ಅವಳೇ ಕೊನೆಯನ್ನು ಹೇಳಿಬಿಡುತ್ತಿದ್ದಳು. ಅವಳು ಹೇಳಿದ ಮೇಲೆ ಆ ಪುಸ್ತಕದ ಕೊನೆ ಅದೇ. ಊರು ಅದನ್ನೇ ನಂಬಿ ಮುಂದಿನ ಬಾಗಿಲಿಗೆ ಹೋಗುತ್ತಿತ್ತು.

ಹೀಗೆ ಬಹಳ ವರ್ಷ ಓದಿದ ಮೇಲೆ ಒಂದು ದಿನ ಅವಳಿಗೆ, ಇಷ್ಟೆಲ್ಲ ತಪ್ಪುಗಳನ್ನು ಬಲ್ಲವಳು ಅವು ಒಂದೂ ಇಲ್ಲದ ಕಾದಂಬರಿಯನ್ನು ಯಾಕೆ ಬರೆಯಬಾರದು ಎನ್ನಿಸಿತು. ಬರೆದಳು. ಹೊಳೆಯ ಕಡವಿನಲ್ಲಿ ದೋಣಿ ನಡೆಸುವ ಹೆಂಗಸೊಬ್ಬಳ ಕಥೆ. ದೋಣಿಯವಳು ಜನರನ್ನು ದಾಟಿಸುತ್ತಾಳೆ. ಜನ ದಾಟಿ ಹೋಗಿ ಅವಳನ್ನೇ ಆಡಿಕೊಳ್ಳುತ್ತಾರೆ. ಕೊನೆಗೆ ಅವಳು ದೋಣಿಯನ್ನು ದಡಕ್ಕೆಳೆದು, ಕವುಚಿ ಹಾಕಿ, ಕೈ ತೊಳೆದುಕೊಂಡು ಮನೆಗೆ ಹೋಗುತ್ತಾಳೆ. ಕೊನೆಯ ಪುಟವನ್ನು ಬರೆದು ಮುಗಿಸಿದ ದಿನ ಕಥೆಗಾರ್ತಿ ಅದನ್ನು ನಿಂತು ಓದಿದಳು. ಒಂದಕ್ಷರ ಹೆಚ್ಚಿರಲಿಲ್ಲ, ಒಂದಕ್ಷರ ಕಡಿಮೆಯಿರಲಿಲ್ಲ.

ಸುದ್ದಿ ತಿಳಿದು ಬಾಡಿಗೆ ಬಾಗಿಲಿನವನು ಮನೆಗೆ ಬಂದ. ಹೊಸದಾಗಿ ಬರೆಯುವವರ ಮನೆಗೆ ತೆಳು ಬಾಗಿಲು ಕೂಡಿಸಿ, ಕಳಚಲು ಅದನ್ನೇ ಕೊಡುವುದು ಈಚೆಗೆ ಶುರುವಾದ ಅವನ ವ್ಯವಹಾರ. ಬಂದವನು ಮೊದಲು ಅವಳ ಮುಂಬಾಗಿಲನ್ನು ತಟ್ಟಿ ನೋಡಿದ. ಅಜ್ಜಿಯ ಕಾಲದ ಹೊನ್ನೆಮರದ ಬಾಗಿಲು. ದಪ್ಪ ಹಲಗೆಗಳು, ಹಿತ್ತಾಳೆಯ ಗುಬ್ಬಿಮೊಳೆಗಳು, ಪ್ರತಿ ಶುಕ್ರವಾರ ಹುಣಸೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆಯ ಚಿಲಕ.

"ತಾಯೀ, ಇದನ್ನು ಹೊರೋಕೆ ಆನೆ ಬೇಕು. ನನ್ನ ಹತ್ತಿರ ತೆಳು ಬಾಗಿಲಿದೆ. ಬಿದಿರು ತಟ್ಟಿಗೆ ಕಾಗದ ಅಂಟಿಸಿ ಬಣ್ಣ ಬಳಿದದ್ದು. ಒಂದೇ ಕೈಲಿ ಎತ್ತಿಕೊಂಡು ಹೋಗ್ತಾರೆ."

"ಅದು ಬಾಗಿಲೋ, ಬೀಸಣಿಗೆಯೋ?"

"ಜನ ಹೊರೋದು ಅದನ್ನೇ, ತಾಯೀ."

"ಬದಲಿಗೆ ಏನು ಕೇಳುತ್ತೀರಿ?"

"ಬಾಡಿಗೆ ಬಿಟ್ಟರೆ ಏನೂ ಇಲ್ಲ. ಕೊನೇ ಪುಟ ನಮ್ಮಲ್ಲೇ ತಯಾರಿರುತ್ತೆ, ಅದನ್ನು ಅಂಟಿಸ್ತೀವಿ. ಎಲ್ಲ ಪುಸ್ತಕಕ್ಕೂ ಅದೇ. ಕೆಟ್ಟವನು ಕಾಲಿಗೆ ಬೀಳ್ತಾನೆ, ಕಾಯಿಲೆಯವಳು ಎದ್ದು ಕೂರ್ತಾಳೆ, ಮನೇಲಿ ದೀಪ ಹಚ್ತಾರೆ. ಓದೋರಿಗೆ ಮೊದಲೇ ಗೊತ್ತಿರುತ್ತೆ. ಹೆದರಿಕೆ ಇರಲ್ಲ."

"ನನ್ನ ಕಥೆಯಲ್ಲಿ ಕಾಯಿಲೆಯವಳೇ ಇಲ್ಲ."

"ಅದಕ್ಕೇನಂತೆ? ಹಿಂದಿನ ಪುಟದಲ್ಲಿ ಒಂದು ಕೆಮ್ಮು ಸೇರಿಸಿದರಾಯ್ತು."

ಕಥೆಗಾರ್ತಿ ಎದ್ದು ನಿಂತಳು. ಅವಳು ಎದ್ದು ನಿಂತರೆ ಬಂದವರು ಹೊರಡಬೇಕೆಂದು ಊರಿಗೆಲ್ಲ ಗೊತ್ತಿತ್ತು. ಬಾಡಿಗೆ ಬಾಗಿಲಿನವನು ಹೊಸ್ತಿಲು ದಾಟುತ್ತಾ, "ಈ ಬಾಗಿಲಿನ ಮೇಲೆ ಮುಂದಿನ ವರ್ಷ ಯಾರು ಹಪ್ಪಳ ಒಣಗಿಸ್ತಾರೋ ನೋಡೋಣ," ಎಂದು ಹೇಳಿಯೇ ಹೋದ.

ಬಡಗಿ ಬಂದು ತಿರುಗಣೆಗಳನ್ನು ಬಿಡಿಸಿದ. ಆಳುಗಳು ಬಾಗಿಲನ್ನು ಗಾಡಿಯ ಮೇಲೆ ಹಾಕಿ ಚೌಕಕ್ಕೆ ತಂದು ಎರಡು ಕಲ್ಲುಗಳ ಮೇಲೆ ಹಾಸಿದರು. ತರುವಾಗ ಎಷ್ಟು ಕೈಗಳಾದರೂ ಆಗಬಹುದು. ಒಂಟಿಯಾಗಿ ಹೋಗಬೇಕಾದದ್ದು ಹಿಂದಿರುಗುವಾಗ ಮಾತ್ರ. ಕಥೆಗಾರ್ತಿ ಪುಸ್ತಕವನ್ನು ಇಟ್ಟಳು, ದಾರವನ್ನು ಚಿಲಕಕ್ಕೆ ಕಟ್ಟಿದಳು, ಗಂಟನ್ನು ಎರಡು ಸಲ ಎಳೆದು ನೋಡಿದಳು.

ಪಕ್ಕದಲ್ಲೇ ಒಂದು ಹಳೆಯ ಬಾಗಿಲು ಬಿದ್ದಿತ್ತು. ಚಿಕ್ಕದು, ಹಲಸಿನ ಮರದ್ದು, ಬಿಸಿಲು ಮಳೆಗೆ ಬೂದಿಬಣ್ಣಕ್ಕೆ ತಿರುಗಿದ್ದು. ಅದರ ಮೇಲೆ ಕಥೆಗಾರ್ತಿಯ ಪಕ್ಕದ ಮನೆಯಾಕೆ ಬಟ್ಟೆ ಹಾಸಿ ಸಂಡಿಗೆ ಇಡುತ್ತಿದ್ದಳು. ದಪ್ಪ ಮೈ, ಹಿಡಿದ ಸೊಂಟ, ಬಿಡುವಿಲ್ಲದ ಬಾಯಿ. ಬೇಸಿಗೆಯ ಉದ್ದಕ್ಕೂ ಅವಳ ಜಾಗ ಅದೇ.

"ಬಂತಾ ನಿಮ್ಮದೂ? ಒಳ್ಳೇದಾಯ್ತು ಬಿಡಿ ಅಕ್ಕಾವ್ರೇ, ನನಗೂ ಹೊತ್ತು ಹೋಗುತ್ತೆ."

"ನೀವು ಓದುತ್ತೀರೋ?"

"ನನಗೆ ಓದೆಲ್ಲಿಂದ ಬರಬೇಕು? ಕಾಗೆ ಕಾಯ್ತೀನಿ."

ಕಥೆಗಾರ್ತಿ ಮನೆಗೆ ಹೋದಳು. ಬಾಗಿಲಿಲ್ಲದ ಮನೆ ತನ್ನದೇ ಆದರೂ ತನ್ನದಲ್ಲದಂತೆ ಇತ್ತು. ಚೌಕಟ್ಟಿನೊಳಗೆ ಬೀದಿ ಬಂದು ನಿಂತಿತ್ತು. ಧೂಳು ಬಂತು, ಕೋಳಿ ಬಂತು, ಪರಿಚಯವಿಲ್ಲದವರು ನೀರು ಕೇಳಿಕೊಂಡು ಬಂದು ಗೋಡೆಯ ಮೇಲಿನ ಪಟಗಳನ್ನು ನೋಡಿ ಹೋದರು. ಅವಳು ಉಣ್ಣುವುದು ಕಾಣುತ್ತಿತ್ತು, ತಲೆ ಬಾಚುವುದು ಕಾಣುತ್ತಿತ್ತು, ಸುಮ್ಮನೆ ಕೂತಿರುವುದೂ ಕಾಣುತ್ತಿತ್ತು. ಪರದೆ ಕಟ್ಟಬಹುದಿತ್ತು. ಕಟ್ಟಿದರೆ ಬಾಗಿಲು ಬರುವುದಿಲ್ಲವೆಂದು ಒಪ್ಪಿಕೊಂಡ ಹಾಗೆ. ಅವಳು ಕಟ್ಟಲಿಲ್ಲ.

ಚೌಕದಲ್ಲಿ ಜನ ಅವಳ ಪುಸ್ತಕವನ್ನು ಓದಿದರು. ಚೆನ್ನಾಗಿಯೇ ಓದಿದರು. ಓದಿದವರು ಮೆಚ್ಚಿಗೆ ಹೇಳಲು ಮನೆಗೂ ಬಂದರು. ಬಾಗಿಲು ತಟ್ಟುವ ಕಷ್ಟವಿರಲಿಲ್ಲವಲ್ಲ. ವೈದ್ಯನ ಹೆಂಡತಿ ಹೂವು ಮುಡಿದುಕೊಂಡು ಬಂದಳು.

"ಎಂಥಾ ಬರವಣಿಗೆ ಅಕ್ಕಾ! ಆ ದೋಣಿಯವಳು ಕಣ್ಣ ಮುಂದೆ ಬಂದು ನಿಂತಳು."

"ಕೊನೆ?"

"ಅಯ್ಯೋ ರಾಮ, ನಾನು ಅಂಥವಳಲ್ಲ!" ವೈದ್ಯನ ಹೆಂಡತಿ ಕೆನ್ನೆ ತಟ್ಟಿಕೊಂಡಳು. "ಕೊನೇ ಪುಟಕ್ಕೆ ಕೈ ಹಾಕೋರು ಬಟ್ಟಲು ಬಳಿಯೋ ಜಾತಿ ಅಂತ ನೀವೇ ಅಲ್ವಾ ಹೇಳಿಕೊಟ್ಟಿದ್ದು? ಅಲ್ಲದೆ, ಇಷ್ಟು ಓದಿದ ಮೇಲೆ ಕೊನೆ ಗೊತ್ತಾಗಲ್ವಾ? ಅವಳು ಹೊಳೆಗೆ ಹಾರ್ತಾಳೆ."

"ಹಾರುವುದಿಲ್ಲ."

"ಹಾರಲೇಬೇಕು ಅಕ್ಕಾ. ಬೇರೆ ದಾರಿ ಎಲ್ಲಿದೆ? ಊರೆಲ್ಲ ಹಾಗೇ ಅಂತಿದೆ."

ಕಥೆಗಾರ್ತಿ ಕಾಫಿ ಕೊಟ್ಟು ಕಳಿಸಿದಳು. ಅವಳ ದೋಣಿಯವಳನ್ನು ಊರು ದಿನಕ್ಕೊಂದು ಸಲ ಹೊಳೆಗೆ ತಳ್ಳುತ್ತಿತ್ತು. ತಡೆಯುವ ಒಂದೇ ಒಂದು ಪುಟ ಚೌಕದಲ್ಲಿ ತಿರುವದೆ ಬಿದ್ದಿತ್ತು.

ಬೇಸಿಗೆ ಮುಗಿಯುತ್ತಾ ಬಂತು. ಗಾಳಿ ದಿಕ್ಕು ಬದಲಿಸಿತು. ಕಥೆಗಾರ್ತಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಆದರೆ ಬರೆದವರು ತಮ್ಮ ಪುಸ್ತಕದ ಪಕ್ಕ ಹಲ್ಲುಕಿರಿದು ನಿಲ್ಲುವುದು ತರಕಾರಿಯವರ ಲಕ್ಷಣವೆಂದು ಅವಳೇ ಎಷ್ಟೋ ಸಲ ಹೇಳಿದ್ದಳು. ಹಾಗಾಗಿ ಚೌಕಕ್ಕೆ ಬಂದವಳು ಕಾವಲುಗಾರನನ್ನು ಕರೆದು, "ನೋಡಪ್ಪಾ, ಯಾವುದಾದರೂ ಹಳೆಯದನ್ನು ಕೊಡು," ಎಂದಳು. ಕೈಯಲ್ಲಿ ಒಂದು ಪುಸ್ತಕವಿದ್ದರೆ ಕಣ್ಣು ಎಲ್ಲಿದ್ದರೂ ಯಾರೂ ಕೇಳುವುದಿಲ್ಲ.

ಕಾವಲುಗಾರ ಹತ್ತಿರದ ಮಡಕೆಯೊಳಗೆ ಕೈ ಹಾಕಿದ. ಅದು ಹಲಸಿನ ಬಾಗಿಲಿನ ಕೆಳಗಿನ ಮಡಕೆ.

"ಊರ ಕೊನೇ ಮನೆ ಮುದುಕಪ್ಪ ಬರೆದದ್ದು, ಅಮ್ಮಾವ್ರೇ. ಅಕ್ಕತಂಗಿಯರ ಕಥೆ. ನೀವು ಆಗಲೇ ಓದಿದ್ದೀರಲ್ಲ?"

ಓದಿದ್ದಳು. ಅವಳ ತಲೆಯಲ್ಲಿ ಒಂದೂ ಬಿಳಿಗೂದಲಿಲ್ಲದಿದ್ದಾಗ. ಒಂದು ಹಿತ್ತಲಿನ ಗೋಡೆಯ ಆಚೆಗೊಬ್ಬಳು ಈಚೆಗೊಬ್ಬಳು ಬದುಕುವ ಅಕ್ಕತಂಗಿಯರು. ಯಾವುದೋ ಹಳೆಯ ಮಾತಿಗೆ ಮಾತು ಬಿಟ್ಟವರು. "ಮೊದಲಿನಿಂದಲೂ ಸಪ್ಪೆ. ತಂಗಿ ಕೊನೆಗೆ ಬಾವಿಗೆ ಬೀಳುತ್ತಾಳೆ," ಎಂದು ಅವಳು ತೀರ್ಪು ಕೊಟ್ಟಿದ್ದಳು. ಆಮೇಲೆ ಆ ಬಾಗಿಲಿನ ಹತ್ತಿರ ಯಾರೂ ಕೂರಲಿಲ್ಲ.

ಈಗ ಪುಟಗಳನ್ನು ಸುಮ್ಮನೆ ತಿರುವುತ್ತಾ ತನ್ನ ಬಾಗಿಲಿನ ಕಡೆ ಕಣ್ಣಿಟ್ಟಳು. ಯಾರೋ ಬಂದರು, ಓದಿದರು, ಮುಚ್ಚಿ ಕಣ್ಣಿಗೊತ್ತಿಕೊಂಡು ಹೋದರು. ಮತ್ತೊಬ್ಬರು ಬಂದರು, ಹೋದರು. ಪಕ್ಕದ ಮನೆಯಾಕೆ ಕಾಗೆ ಓಡಿಸುತ್ತಿದ್ದಳು. ಕಥೆಗಾರ್ತಿಯ ಕಣ್ಣು ಸೋತು ಕೈಯಲ್ಲಿದ್ದ ಪುಟಕ್ಕೆ ಇಳಿಯಿತು. ಅಕ್ಕ ಗೋಡೆಯ ಆಚೆ ತಂಗಿ ಬಟ್ಟೆ ಒಗೆಯುವ ಸದ್ದನ್ನು ಕೇಳಿ, ಇವತ್ತು ಇವಳಿಗೆ ಜ್ವರವಿರಬೇಕು, ಸದ್ದಿನಲ್ಲಿ ಕಸುವಿಲ್ಲ ಎಂದುಕೊಳ್ಳುತ್ತಾಳೆ. ಈ ಮಾತು ಮೊದಲ ಸಲವೂ ಇಲ್ಲೇ ಇತ್ತೇ? ಇದ್ದಿರಲೇಬೇಕು. ಅವಳು ಹಿಂದಕ್ಕೆ ಹೋಗಿ ಮೊದಲಿನಿಂದ ಓದತೊಡಗಿದಳು. ಮರುದಿನವೂ ಬಂದು ಓದಿದಳು. ಅದರ ಮರುದಿನ, ತನಗೆ ಗೊತ್ತಾಗದಂತೆ, ಕೂತಳು.

ಕೊನೆಗೊಂದು ಪುಟ ಉಳಿಯಿತು. ಅಭ್ಯಾಸಬಲದಿಂದ ಕೈ ಪುಸ್ತಕವನ್ನು ಮುಚ್ಚಿತು. ಆಕಾಶದಲ್ಲಿ ಮೋಡ ಕಟ್ಟಿತ್ತು. ಕಾವಲುಗಾರ ಬಂದ.

"ಅಮ್ಮಾವ್ರೇ, ಸಂಜೆಯೊಳಗೆ ಬೀಳುತ್ತೆ. ನಿಮ್ಮ ಬಾಗಿಲು ಬಂಗಾರದಂಥದು, ನೆನೆದರೆ ಹೋಯ್ತು. 'ಇದು ಪುಸ್ತಕವಲ್ಲ' ಅಂತ ಒಂದು ಮಾತು ಹೇಳಿಬಿಡಿ. ಗಾಡಿ ಇದೆ, ಆಳಿದ್ದಾರೆ, ಈಗಲೇ ಮನೆ ಸೇರಿಸ್ತೀನಿ."

ಅದೂ ಕಟ್ಟಳೆಯೇ. ಬರೆದವರು ಬಂದು ಹಾಗೆಂದರೆ ಬಾಗಿಲು ಅವರದು, ಕಾಗದ ಬಚ್ಚಲೊಲೆಗೆ. ಊರಿನ ಎಷ್ಟೋ ಮನೆಗಳು ಹಾಗೆ ಬಾಗಿಲು ಹಾಕಿಕೊಂಡು ಕೂತಿದ್ದವು.

ಕಥೆಗಾರ್ತಿ ತನ್ನ ಹೊನ್ನೆಯ ಬಾಗಿಲನ್ನು ನೋಡಿದಳು. ಅಜ್ಜಿ ಕೈಯಿಟ್ಟು ಇಟ್ಟು ನುಣುಪಾದ ಅಂಚನ್ನು ನೋಡಿದಳು. ಮತ್ತೆ ಮಡಿಲಿನಲ್ಲಿದ್ದ ಪುಸ್ತಕವನ್ನು ನೋಡಿದಳು. ಆ ತಂಗಿ ಬಾವಿಗೆ ಬಿದ್ದಳೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಬಾವಿಗೆ ತಳ್ಳಿದ್ದಳು.

"ಸ್ವಲ್ಪ ತಾಳು," ಎಂದು ಕೊನೆಯ ಪುಟವನ್ನು ತಿರುವಿದಳು.

ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಅಕ್ಕ ಒಂದು ಬೆಳಿಗ್ಗೆ ಗೋಡೆ ಸುತ್ತಿಕೊಂಡು ತಂಗಿಯ ಮನೆಗೆ ಹೋಗುತ್ತಾಳೆ. ಹೇಳಬೇಕೆಂದುಕೊಂಡು ಹೋದ ಮಾತು ಬಾಯಿಗೆ ಬರುವುದಿಲ್ಲ. ನಿಂತು ನಿಂತು ಸಾಕಾಗಿ, "ಒಂದು ಚಮಚ ಹೆಪ್ಪು ಇದ್ದರೆ ಕೊಡು, ನಮ್ಮನೇಲಿ ಮೊಸರು ಮುಗಿದಿದೆ," ಎನ್ನುತ್ತಾಳೆ. ತಂಗಿ ಕೈ ಒರೆಸಿಕೊಂಡು ಒಳಗೆ ಹೋಗಿ ಬಟ್ಟಲಿನಲ್ಲಿ ಹೆಪ್ಪು ತಂದು ಕೊಡುತ್ತಾಳೆ. ಅಷ್ಟೇ.

ಕಥೆಗಾರ್ತಿ ಆ ಪುಟವನ್ನು ಎರಡು ಸಲ ಓದಿದಳು. ಪುಸ್ತಕ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿದಳು. ಸೆರಗನ್ನು ಬಿಗಿದಳು.

"ಆ ಸಂಡಿಗೆ ಎತ್ತಿರಿ," ಎಂದಳು ಪಕ್ಕದ ಮನೆಯಾಕೆಗೆ.

"ಯಾಕೆ?"

"ಬಾಗಿಲು ಹೊರಬೇಕು."

"ನೀವು? ಈ ಬಾಗಿಲು? ಅಕ್ಕಾವ್ರೇ, ತಲೆ ಸರಿ ಇದೆಯಾ? ಮಳೆ ಬರೋ ಹೊತ್ತು, ನಿಮ್ಮದು ಅಲ್ಲಿ ಬಿದ್ದಿದೆ, ನೀವು ಊರವರದು ಹೊರ್ತೀರಾ?"

"ಓದಿದವರು ಹೊರಬೇಕು. ನಿಮ್ಮ ಸಂಡಿಗೆ."

ಪಕ್ಕದ ಮನೆಯಾಕೆ ಗೊಣಗುತ್ತಾ ಬಟ್ಟೆಯ ನಾಲ್ಕು ಮೂಲೆ ಕೂಡಿಸಿದಳು. ಕಥೆಗಾರ್ತಿ ಬಾಗಿಲನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅದಕ್ಕೆ ಬೆನ್ನು ಕೊಟ್ಟು, ಬಾಗಿ ಎತ್ತಿದಳು. ಊರಿನವರು ಆ ಬೆನ್ನು ಬಾಗಿದ್ದನ್ನು ಮೊದಲ ಸಲ ಕಂಡರು. ಯಾರೋ ನಕ್ಕರು. ಯಾರೋ ನಗುವವರನ್ನು ಸುಮ್ಮನಿರಿಸಿದರು. ಕಾವಲುಗಾರ ನೆರವಿಗೆಂದು ಕೈ ಚಾಚಿದವನು ಕಟ್ಟಳೆ ನೆನಪಾಗಿ ಹಿಂದಕ್ಕೆಳೆದುಕೊಂಡ.

ಬಾಗಿಲು ಹೊತ್ತವರಿಗೆ ಆಕಾಶ ಕಾಣುವುದಿಲ್ಲ. ತಮ್ಮ ಕಾಲು, ಮುಂದಿನ ನೆಲ, ಅಷ್ಟೇ. ಅವಳು ನಡೆದಳು, ನಿಂತಳು, ಗೋಡೆಗೊರಗಿಸಿ ಉಸಿರು ತೆಗೆದುಕೊಂಡಳು, ಮತ್ತೆ ಹೊತ್ತಳು. ಮರ ಭುಜವನ್ನು ತರಚಿತು. ಹೊತ್ತಷ್ಟು ದೂರವೂ ಆ ಅಕ್ಕನ ಮಾತು ಜೊತೆಗೆ ಬಂತು. ಹೆಪ್ಪು ಇದ್ದರೆ ಕೊಡು. ಹೆಪ್ಪು ಇದ್ದರೆ ಕೊಡು. ಕುಂಬಾರರ ಬೀದಿ ದಾಟುವಾಗ ಮೊದಲ ಹನಿಗಳು ಬಾಗಿಲಿನ ಮೇಲೆ ಬಿದ್ದ ಸದ್ದು ಕೇಳಿಸಿತು. ಚೌಕದಲ್ಲೂ ಬಿದ್ದಿರುತ್ತವೆ ಎಂದುಕೊಂಡಳು. ಹಿಂದಿರುಗಿ ನೋಡಲು ಬೆನ್ನಿನ ಮೇಲಿನ ಬಾಗಿಲು ಬಿಡಲಿಲ್ಲ.

ಊರಿನ ಕೊನೆಯ ಮನೆ ಮುದುಕನದು. ಬಾಗಿಲಿಲ್ಲದ ಚೌಕಟ್ಟಿನ ಮೇಲೆ ಗುಬ್ಬಿ ಗೂಡು ಕಟ್ಟಿತ್ತು. ಮುದುಕ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ.

"ಬಾಗಿಲು ಬಂತು," ಎಂದಳು ಕಥೆಗಾರ್ತಿ. ತಂದವರು ಹೇಳಬೇಕಾದ ಮಾತು ಅದೇ.

ಮುದುಕ ಕಣ್ಣು ಕಿರಿದು ಮಾಡಿ ನೋಡಿದ. "ಯಾರ ಬಾಗಿಲಮ್ಮಾ?"

"ನಿಮ್ಮದೇ."

"ನನ್ನದಾ? ಇಷ್ಟು ಚಿಕ್ಕದಿತ್ತಾ?" ಬಾಗಿಲನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಹಾಗಾದರೆ ಕೊನೇವರೆಗೂ ಓದಿದಿರಾ?"

"ಓದಿದೆ."

ಮುದುಕ ಮೊರವನ್ನು ಪಕ್ಕಕ್ಕಿಟ್ಟ. ಅವನು ಹೊಗಳಿಕೆ ಕೇಳುತ್ತಾನೆಂದು ಕಥೆಗಾರ್ತಿ ಎಣಿಸಿದ್ದಳು. ಅವನು ದನಿ ತಗ್ಗಿಸಿ, "ಒಂದು ಮಾತು ಕೇಳ್ತೀನಿ, ಬೇಸರ ಮಾಡ್ಕೋಬೇಡಿ. 'ಒಂದು ಚಮಚ' ಅಂತ ಬರೆದೆ. ಚಮಚ ಹೆಚ್ಚಾಯ್ತೇನೋ, 'ಒಂದು ತೊಟ್ಟು' ಅನ್ನಬೇಕಿತ್ತೇನೋ ಅಂತ ಅವತ್ತಿನಿಂದ ಕೊರೀತಾನೇ ಇದೆ. ಯಾರನ್ನಾದರೂ ಕೇಳೋಣ ಅಂದರೆ ಆ ಪುಟ ಓದಿದವರೇ ಸಿಗಲಿಲ್ಲ."

ಕಥೆಗಾರ್ತಿ ಯೋಚಿಸಿದಳು. ಸುಮ್ಮನೆ ಸಮಾಧಾನ ಹೇಳುವ ಅಭ್ಯಾಸ ಅವಳಿಗಿರಲಿಲ್ಲ. "ಹಾಲೆಷ್ಟು?"

"ಒಂದು ತಪ್ಪಲೆ."

"ತಪ್ಪಲೆ ಹಾಲಿಗೆ ಚಮಚವೇ ಸರಿ. ತೊಟ್ಟು ಹಾಕಿದರೆ ಬೆಳಿಗ್ಗೆ ಹಾಲು ಹಾಲಾಗಿಯೇ ಇರುತ್ತದೆ."

"ಸರಿ ಅಂತೀರಾ?"

"ಸರಿಯಾಗಿದೆ."

ಮುದುಕನ ಭುಜಗಳು ಇಳಿದವು, ಬಹಳ ದಿನ ಹೊತ್ತದ್ದನ್ನು ಇಳಿಸಿದವರ ಹಾಗೆ. ಬೆಲ್ಲ ನೀರು ತಂದು ಕೊಟ್ಟ. ಕುಡಿದು ಲೋಟ ಕೆಳಗಿಟ್ಟ ಮೇಲೆ ಕಥೆಗಾರ್ತಿ ಹೇಳಿದಳು: "ನೀವು ತಂಗಿಯನ್ನು ಬಾವಿಗೆ ದೂಡುತ್ತೀರಿ ಎಂದುಕೊಂಡಿದ್ದೆ."

"ಬಾವಿಗಾ?" ಮುದುಕನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅವಳಿಗೆಲ್ಲಮ್ಮಾ ಪುರುಸೊತ್ತು? ಮನೆ ತುಂಬ ಕೆಲಸ."

ಬಾಗಿಲು ಚೌಕಟ್ಟಿನಲ್ಲಿ ಕೂರಲಿಲ್ಲ. ಇಬ್ಬರೂ ಅದನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. ಇರಲಿ, ಗುಬ್ಬಿಗಳು ಹಾರಿಹೋಗಲಿ, ಆಮೇಲೆ ನೋಡೋಣ ಎಂದ ಮುದುಕ.

ಮನೆಗೆ ಹಿಂದಿರುಗುವಾಗ ಮಳೆ ಜೋರಾಗಿತ್ತು. ಚೌಕದ ದಾರಿ ಬಿಟ್ಟು ಹಿತ್ತಲ ದಾರಿಯಲ್ಲಿ ಬಂದಳು. ತನ್ನ ಬಾಗಿಲು ನೆನೆಯುವುದನ್ನು ನೋಡುವ ಅಗತ್ಯ ಕಾಣಲಿಲ್ಲ. ಸೀರೆ ಬದಲಿಸಿ, ತಲೆ ಒರೆಸಿಕೊಂಡು, ನಡುಮನೆಯಲ್ಲಿ ಚಾಪೆ ಹಾಸಿ ಚೌಕಟ್ಟಿನ ಎದುರಿಗೆ ಕೂತಳು. ಎರಚಲು ಚಾಪೆಯ ಅಂಚಿನವರೆಗೂ ಬರುತ್ತಿತ್ತು. ಕಾವಲುಗಾರ ಈಗ ಮಡಕೆ ಹುಡುಕುತ್ತಿರುತ್ತಾನೆ.

ಆಗ ಚೌಕಟ್ಟಿನಲ್ಲಿ ಪಕ್ಕದ ಮನೆಯಾಕೆ ಬಂದು ನಿಂತಳು. ಅಡಿಯಿಂದ ಮುಡಿಯವರೆಗೆ ನೆನೆದಿದ್ದಳು. ಸೆರಗಿನೊಳಗೆ ಏನನ್ನೋ ಎದೆಗವಚಿಕೊಂಡಿದ್ದಳು. ಮುಖ ಕೆಂಪಾಗಿತ್ತು.

"ಹೀಗಾ ಮುಗಿಸೋದು?" ಎಂದಳು.

"ಏನನ್ನು?"

"ಏನನ್ನು ಅಂತೆ! ಮಳೆ ಬಂತು, ನೆನೆಯುತ್ತಲ್ಲ ಅಂತ ನಿಮ್ಮ ಪುಸ್ತಕ ಎತ್ತಿ ಸೆರಗೊಳಗೆ ಹಾಕ್ಕೊಂಡೆ. ಎದುರುಗಡೆ ಜಗಲಿಗೆ ಹೋಗಿ ನಿಂತೆ. ಇಷ್ಟು ದಿನ ಎಲ್ಲ ಓದಿದ್ದೆ, ಅದೊಂದು ಪುಟ ಉಳಿದಿತ್ತು. ಕೈ ಸುಮ್ಮನಿರಲಿಲ್ಲ, ಓದಿಬಿಟ್ಟೆ."

"ಕಾಗೆ ಕಾಯುತ್ತೇನೆ ಎಂದಿರಲ್ಲ?"

"ಕಾಗೆ ಕಾಯೋಕೆ ಎರಡೂ ಕಣ್ಣು ಬೇಕಾ? ಆ ಮಾತು ಬಿಡಿ. ದೋಣಿ ಕವುಚಿ ಹಾಕಿ ಕೈ ತೊಳಕೊಂಡು ಹೋದಳಲ್ಲ ನಿಮ್ಮ ಮಹರಾಯ್ತಿ, ಆಚೆ ದಡದಲ್ಲಿ ನಿಂತಿದ್ದವನ ಗತಿ ಏನು?"

"ಆಚೆ ದಡದಲ್ಲಿ ಯಾರೂ ಇಲ್ಲ."

"ಇದ್ದಾನೆ. ಬಳೆಗಾರ. ಮೊದಮೊದಲಲ್ಲೇ ಬರ್ತಾನೆ, ಹುಣಸೇಮರದ ಕೆಳಗೆ ಬಳೆ ಮಲಾರ ಇಳಿಸಿ, 'ಸಂಜೆಗೆ ಬಂದು ಕರಕೊಂಡು ಹೋಗು ತಾಯಿ' ಅಂತಾನೆ. ಅವಳು ಹೂಂ ಅಂತಾಳೆ. ಆಮೇಲೆ ಅವನ ಸುದ್ದಿಯೇ ಇಲ್ಲ. ನಾನು ಪುಟಪುಟಕ್ಕೂ ಕಾದೆ, ಈಗ ಬರ್ತಾಳೆ, ಈಗ ಕರಕೊಂಡು ಬರ್ತಾಳೆ ಅಂತ. ಅವನು ಇನ್ನೂ ಅಲ್ಲೇ ನಿಂತಿದ್ದಾನೆ ಅಕ್ಕಾವ್ರೇ, ಈ ಮಳೇಲಿ!"

ಕಥೆಗಾರ್ತಿಗೆ ಆ ಬಳೆಗಾರ ನೆನಪಾಗಲಿಲ್ಲ. ಹುಣಸೇಮರ ನೆನಪಾಯಿತು. ಅದರ ಕೆಳಗೆ ಯಾರನ್ನೋ ನಿಲ್ಲಿಸಿದ್ದಿರಬಹುದು, ಒಂದು ಸಾಲು ತುಂಬಲೆಂದು.

"ನೀವು ಓದಿದಿರಿ," ಎಂದಳು ನಿಧಾನವಾಗಿ. "ಕೊನೆಯ ಪುಟ."

"ಓದಿದೆ. ಅದೊಂದು ಬೇರೆ ಗ್ರಹಚಾರ." ಪಕ್ಕದ ಮನೆಯಾಕೆ ಸೊಂಟಕ್ಕೆ ಕೈ ಕೊಟ್ಟಳು. "ಈ ಸೊಂಟ ನೋಡಿದ್ದೀರಾ? ಇದಕ್ಕೆ ಹೆದರಿ ಇಷ್ಟು ಕಾಲ ಒಂದು ಪುಸ್ತಕದ ಕೊನೆಯನ್ನೂ ನೋಡಲಿಲ್ಲ ನಾನು. ನಿಮ್ಮ ಬಾಗಿಲನ್ನು ಯಾವ ಗಂಡಸೂ ಹೊರಲಾರ. ಅದಕ್ಕೇ ಯೋಚನೆ ಮಾಡಿದೆ. ಹೊರಬೇಕು ಅಂತ ಕಟ್ಟಳೆ ಇದೆ, ಒಂದೇ ಸಲ ಹೊರಬೇಕು ಅಂತ ಎಲ್ಲಿದೆ? ಬಡಗಿಗೆ ಹೇಳಿ ಹಲಗೆ ಬಿಡಿಸ್ತೀನಿ. ಒಂದೊಂದೇ ತರ್ತೀನಿ. ಇವತ್ತಿಗೆ ಇದು."

ಸೆರಗಿನೊಳಗಿನಿಂದ ಅವಳು ಪುಸ್ತಕವನ್ನು ತೆಗೆದಳು. ಪುಸ್ತಕದ ಜೊತೆಗೆ ದಾರ ಬಂತು, ದಾರದ ತುದಿಯಲ್ಲಿ ಹಿತ್ತಾಳೆಯ ಚಿಲಕ ಬಂತು. ಗಂಟು ಬಿಗಿಯಾಗಿತ್ತು, ಬಿಚ್ಚಲಾಗದೆ ಚಿಲಕವನ್ನೇ ಕಿತ್ತು ತಂದಿದ್ದಳು.

"ಬಾಗಿಲು ಬಂತು," ಎಂದಳು ಪಕ್ಕದ ಮನೆಯಾಕೆ, ಇನ್ನೂ ಸಿಟ್ಟಿನಲ್ಲೇ. "ಸ್ವಲ್ಪ ಬಂತು. ಹಲಗೆ ತಂದಾಗಲೆಲ್ಲ ಕೇಳೋದಿದೆ ನಿಮ್ಮನ್ನು. ಆ ಮೂರನೇ ಭಾಗದಲ್ಲಿ ಒಂದು ಕಡೆ ದೋಣಿಯವಳ ಅತ್ತೆ ಸಾಯ್ತಾಳೆ, ಸತ್ತವಳೇ ಮುಂದೆ ಎರಡು ಸಲ ಬೈತಾಳೆ, ಅದೇನು?"

ಕಥೆಗಾರ್ತಿ ಚಿಲಕವನ್ನು ಕೈಗೆ ತೆಗೆದುಕೊಂಡಳು. ಒದ್ದೆಯಾಗಿತ್ತು, ಇನ್ನೊಬ್ಬರ ಮೈಯ ಬಿಸಿ ಹಿಡಿದಿತ್ತು. ಸೆರಗಿನಿಂದ ಒರೆಸಿದಳು. ಬರಿಯ ಚೌಕಟ್ಟಿನ ಪಕ್ಕದಲ್ಲಿ ಒಂದು ಮೊಳೆ ಇತ್ತು, ಅದಕ್ಕೆ ತಗುಲಿಸಿದಳು. ಚೌಕಟ್ಟಿನ ಆಚೆ ಬೀದಿ ಕಾಣುತ್ತಿರಲಿಲ್ಲ, ಬರೀ ನೀರು, ಹೊಳೆಯ ಅಗಲಕ್ಕೆ. ಅದರ ಆಚೆ ಯಾರೋ ಒಬ್ಬ ತಲೆಯ ಮೇಲೆ ಬಟ್ಟೆ ಹೊದ್ದು ಇತ್ತಲೇ ನೋಡುತ್ತಾ ನಿಂತ ಹಾಗಿತ್ತು.

ಅವಳು ಇನ್ನೊಂದು ಚಾಪೆ ಹಾಸಿದಳು. ಒಣಗಿದ ಟವೆಲು ತಂದು ಕೊಟ್ಟಳು.

"ಕೂತುಕೊಳ್ಳಿ," ಎಂದಳು. "ಅವನ ಹತ್ತಿರ ಯಾವ ಬಣ್ಣದ ಬಳೆಗಳಿದ್ದವು?"

"ಬರೆದವರು ನೀವು, ನನ್ನನ್ನು ಕೇಳ್ತೀರಾ?" ಪಕ್ಕದ ಮನೆಯಾಕೆ ಸೊಂಟ ಹಿಡಿದುಕೊಂಡು ಮೆಲ್ಲಗೆ ಕೂತಳು, ತಲೆ ಒರೆಸಿಕೊಂಡಳು, ಹೇಳತೊಡಗಿದಳು.